ಮಳೆಯ ಲೆಕ್ಕ

ಹೊಸ ಮಳೆಗೆ ಮಣ್ಣಿನಿಂದೇಳುವ ವಾಸನೆಯನ್ನು ಕುರಿತು ಕವಿಗಳು ಬೇಕಾದಷ್ಟು ಬರೆದಿದ್ದಾರೆ. ಬೆಂಗಳೂರಿನ ನಮ್ಮ ಮನೆಯ ಮುಂದೆ ಮಣ್ಣೇ ಉಳಿದಿಲ್ಲ. ಎದುರು ಮನೆಯವರ ಹೂಕುಂಡಗಳ ದಯೆಯಿಂದ ಆ ವಾಸನೆ ನನಗೂ ಒಂದಿಷ್ಟು ದೊರೆಯುತ್ತದೆ. ಆಗ ನನಗೆ ಕವಿತೆ ನೆನಪಾಗುವುದಿಲ್ಲ. ಒಂದು ಜೊತೆ ಎತ್ತು ನೆನಪಾಗುತ್ತದೆ.

ನಾನು ಬಿ.ಎಸ್ಸಿ. ಮುಗಿಸಿ ಊರಿಗೆ ಹೋಗಿದ್ದ ವರ್ಷ. ತುಮಕೂರಿನ ಕಡೆ ನಮ್ಮದು ಮರಳು ಬೆರೆತ ಕೆಂಪು ಹೊಲ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಗೊಬ್ಬರವೆಂದರೆ ಕೊಟ್ಟಿಗೆಯದು, ಹೊಂಗೆಸೊಪ್ಪಿನದು. “ಅಣ್ಣಾ, ಈ ಸಲ ಅಕ್ಕಡಿ ಬೇಡ. ಬರೀ ರಾಗಿ ಹಾಕಿ ಯೂರಿಯಾ ಒಂದೇ ಸಲಕ್ಕೆ ಎರಚಿಬಿಡು” ಎಂದೆ. ಓದಿದ ತಮ್ಮನ ಮಾತು! ಅಣ್ಣ ಸಾಲ ಮಾಡಿ ಚೀಲಗಳನ್ನು ತಂದ.

ಮುಂಗಾರು ತಡವಾಗಿ, ಕಾದು ಒಣಗಿದ ಹೊಲಕ್ಕೆ ಕೊನೆಗೊಮ್ಮೆ ಹದಮಳೆ ಬಿತ್ತು. ಬಿತ್ತಿದೆವು, ಎರಚಿದೆವು. ವಾರವೆಲ್ಲ ಬಿಸಿಲು, ಆಮೇಲೆ ಮೂರು ದಿನ ಬಿಡದ ಜಡಿಮಳೆ. ಮುಂದೆ ಪೈರು ಹಳದಿಗೆ ತಿರುಗಿತು.

ಯೂರಿಯಾ ಎಲ್ಲಿ ಹೋಯಿತು? ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯ ಮಾಡುತ್ತವೆ. ಮೇಲೆಯೇ ಬಿದ್ದಿದ್ದರಿಂದ ಒಂದಷ್ಟು ಬಿಸಿಲಿಗೆ ಹಾರಿಹೋಯಿತು. ಉಳಿದುದನ್ನು ಇನ್ನೊಂದು ಪಂಗಡದ ಜೀವಿಗಳು ನೈಟ್ರೇಟ್ ಮಾಡಿದವು. ನಮ್ಮಂಥ ಮಣ್ಣು ನೈಟ್ರೇಟನ್ನು ಹಿಡಿದಿಟ್ಟುಕೊಳ್ಳಲಾರದು. ಕುಡಿಯಲು ಬೇರು ಇನ್ನೂ ಎಳೆಯದು. ಮಳೆ ಅದನ್ನು ಕೆಳಕ್ಕೆ ಕೊಂಡೊಯ್ದಿತು. ನೀರು ನಿಂತ ಮೂಲೆಯಲ್ಲಿ ಗಾಳಿ ಸಿಗದ ಜೀವಿಗಳು ನೈಟ್ರೇಟಿನಲ್ಲಿದ್ದ ಆಮ್ಲಜನಕವನ್ನೇ ಬಳಸಿಕೊಂಡು ಸಾರಜನಕವನ್ನು ಆಕಾಶಕ್ಕೆ ಬಿಟ್ಟವು. ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿಯನ್ನು ಕಾಯಿಸುವುದರಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 270 ಪಟ್ಟು ಗಟ್ಟಿಗ. ಅಣ್ಣನ ಸಾಲದ ಹಣ ಹೀಗೆ ಲೋಕಕ್ಕೆಲ್ಲ ಹಂಚಿಹೋಯಿತು.

ತಮಾಷೆಯೆಂದರೆ, ಆ ಮೊದಲ ವಾರದಲ್ಲಿ ಹೊಲವೇ ಹಬ್ಬದೂಟ ಬಡಿಸುತ್ತಿತ್ತು. ಒಣಗಿದ ಮಣ್ಣು ನೆನೆದೊಡನೆ ಬದುಕುಳಿದ ಜೀವಿಗಳು ಎಚ್ಚೆತ್ತು, ಸತ್ತ ಜೀವಿಗಳನ್ನೂ ಕೊಳೆತ ಸೊಪ್ಪುಸದೆಯನ್ನೂ ತಿಂದು, ಕೆಲವೇ ದಿನಗಳಲ್ಲಿ ಸಾರಜನಕವನ್ನು ಬಿಡುತ್ತವೆ. ಪೂರ್ವ ಆಫ್ರಿಕದ ಮಣ್ಣಿನಲ್ಲಿ ಇದನ್ನು ಪರೀಕ್ಷಿಸಿ ಬರ್ಚ್ ಎಂಬಾತ 1958ರಲ್ಲಿ ಬರೆದ. ಮಣ್ಣಿನ ವಾಸನೆಯಲ್ಲಿಯೂ ಇಂಥ ಜೀವಿಗಳ ಪಾಲುಂಟು. ನಮ್ಮ ಹಿರಿಯರು ಹದಮಳೆಯ ಬೆನ್ನಿಗೇ ಬಿತ್ತುತ್ತಿದ್ದುದು ಈ ಹಬ್ಬದೂಟಕ್ಕೆ ಎಲೆ ಹಾಕಿದಂತೆ. ಗಾಳಿಯಲ್ಲಿ ನೂರಕ್ಕೆ 78 ಪಾಲಿರುವ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಕೂತು ಹಿಡಿಯುವ ಜೀವಿಗಳಿಗೆ ಮನೆಯಾಗಿದ್ದದ್ದು ಅವರೆ, ತೊಗರಿ. ಅವನ್ನು ಹೊಲದಿಂದ ಹೊರಡಿಸಿದವನು ನಾನು.

ಸಾಲಕ್ಕೆ ಎತ್ತುಗಳು ಹೋದವು. ಸಂತೆಯಿಂದ ಬರಿಗೈಲಿ ಬಂದ ಅಣ್ಣ, “ಹೋಗಲಿ ಬಿಡೋ. ನೀನು ಗೊಬ್ಬರದ ಲೆಕ್ಕ ಹಾಕಿದೆ, ಮಳೆಯ ಲೆಕ್ಕ ನಾನು ಹೇಳಬೇಕಾಗಿತ್ತು” ಎಂದ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಅಣ್ಣ ಈಗಿಲ್ಲ. ಹೊಲ ಅವನ ಮಗನದು; ಅಕ್ಕಡಿ ಸಾಲು ಮತ್ತೆ ಬಂದಿದೆ. ಮಳೆ ಮಾತ್ರ ಮೊದಲಿನಂತಿಲ್ಲ: ತಿಂಗಳು ಕಾಯಿಸುತ್ತದೆ, ಬಂದರೆ ಒಂದೇ ಸಮನೆ ಸುರಿಯುತ್ತದೆ. ಎಚ್ಚೆತ್ತ ಜೀವಿಗಳು ಬಡಿಸಿದ್ದೂ ಬೇರಿಗೆ ಸಿಗುವ ಮುನ್ನ ಕೊಚ್ಚಿಹೋಗುವ ಭಯ.

ಮೊನ್ನೆ ಅವನು ಫೋನು ಮಾಡಿ, “ಚಿಕ್ಕಪ್ಪ, ಕಳೆ ತೆಗೆದಾಯಿತು. ಒಂದಿಷ್ಟು ಯೂರಿಯಾ ಹಾಕಲೇ?” ಎಂದ. ನೈಟ್ರೇಟಿನ ವಿಚಾರವೆಲ್ಲ ನಾಲಗೆಯ ತುದಿಗೆ ಬಂತು. ನುಂಗಿಕೊಂಡು ಕೇಳಿದೆ:

“ಮೋಡ ಹೇಗಿದೆಯಪ್ಪ?”