ಕಾಖೇತಿ: ಕೈಗೆಟುಕುವ ಬೆಲೆಗೆ ಒಳ್ಳೆ ವೈನ್ ಸಿಗುವ ಊರು

ಜಾರ್ಜಿಯಾ ಅಂದ ಕೂಡಲೇ ನಿಮಗೆ ಅಮೆರಿಕದ ರಾಜ್ಯ ನೆನಪಾಗಬಹುದು. ನಾನು ಹೇಳ್ತಿರೋದು ಕಪ್ಪು ಸಮುದ್ರದ ಪಕ್ಕ, ಕಾಕಸಸ್ ಪರ್ವತಗಳ ಮಡಿಲಲ್ಲಿರುವ ಪುಟ್ಟ ದೇಶದ ಬಗ್ಗೆ. ನಮ್ಮ ಐಟಿ ಮಂದಿ ಈಗೀಗ ಹಿಮ ನೋಡೋಕೆ, ಫೋಟೊ ತೆಗೆಸಿಕೊಳ್ಳೋಕೆ ಅಲ್ಲಿಗೆ ಹೋಗ್ತಿದ್ದಾರೆ. ಹೋದವರು ಇನ್ನೆರಡು ದಿನ ಇಟ್ಟುಕೊಂಡು ಪೂರ್ವ ಭಾಗದ ಕಾಖೇತಿಗೂ ಹೋಗಿ ಬನ್ನಿ.

ರಾಜಧಾನಿ ಟಿಬಿಲಿಸಿಯಿಂದ ತೆಲಾವಿ ಊರಿಗೆ ಶೇರ್ ಟ್ಯಾಕ್ಸಿಯಲ್ಲಿ ಎರಡು ಗಂಟೆ ಸಾಕು. ಗೊಂಬೋರಿ ಘಾಟಿಯ ತಿರುವುಗಳು ನಮ್ಮ ಚಾರ್ಮಾಡಿಯನ್ನು ನೆನಪಿಸುತ್ತವೆ. ಘಾಟಿ ಇಳಿದರೆ ಅಲಜಾನಿ ನದಿಯ ಬಯಲು. ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ, ಅದರಾಚೆ ಹಿಮ ಹೊದ್ದ ಬೆಟ್ಟಸಾಲು.

ನೆಲದೊಳಗಿನ ಗುಡಾಣ

ಇಲ್ಲಿ ವೈನ್ ಮಾಡೋದು ಮಣ್ಣಿನ ಗುಡಾಣದಲ್ಲಿ. ಹೆಸರು ಕ್ವೆವ್ರಿ. ಮೊಟ್ಟೆಯಾಕಾರದ ಈ ಗುಡಾಣದ ಒಳಮೈಗೆ ಜೇನುಮೇಣ ಸವರಿ, ಕುತ್ತಿಗೆಯವರೆಗೂ ನೆಲದಲ್ಲಿ ಹೂಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಜೋಳ, ರಾಗಿ ತುಂಬಿಡುತ್ತಿದ್ದ ಹಗೇವು ನೆನಪಿಸಿಕೊಳ್ಳಿ. ಕೆಲಸ ಬೇರೆ, ಲೆಕ್ಕಾಚಾರ ಒಂದೇ: ಭೂಮಿಯೊಳಗೆ ಬಿಸಿಲು, ಚಳಿ ಎರಡೂ ಅಷ್ಟಾಗಿ ತಾಗಲ್ಲ. ಕರೆಂಟು, ಎಸಿ ಏನೂ ಬೇಡ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಲು. ದ್ರಾಕ್ಷಿಯನ್ನು ತುಳಿದು, ರಸದ ಜೊತೆ ಸಿಪ್ಪೆ, ಬೀಜ, ಎಷ್ಟೋ ಸಲ ತೊಟ್ಟನ್ನೂ ಸೇರಿಸಿ ಗುಡಾಣಕ್ಕೆ ಸುರಿಯುತ್ತಾರೆ. ಹುದುಗು ಮುಗಿದ ಮೇಲೆ ಬಾಯಿ ಮುಚ್ಚಿದರೆ, ತೆಗೆಯೋದು ಐದಾರು ತಿಂಗಳ ನಂತರ. ಸಿಪ್ಪೆಯ ಜೊತೆ ಅಷ್ಟು ದಿನ ಕೂತಿದ್ದಕ್ಕೆ ಬಿಳಿ ದ್ರಾಕ್ಷಿಯ ವೈನ್ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇದನ್ನೇ ಆಂಬರ್ ವೈನ್ ಅಂತಾರೆ. ಬಾಯಲ್ಲಿ ಗಟ್ಟಿ ಬ್ಲ್ಯಾಕ್ ಟೀಯಂಥ ಒಗರು.

ಈ ವಿಧಾನವನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಟಿಬಿಲಿಸಿಯ ದಕ್ಷಿಣಕ್ಕಿರುವ ಹಳೆ ನೆಲೆಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ದ್ರಾಕ್ಷಿ ವೈನಿನ ಕುರುಹು ಇದೆ ಎಂದು ವಿಜ್ಞಾನಿಗಳು 2017ರಲ್ಲಿ ತೋರಿಸಿದರು.

ಬೆಲೆ ಯಾಕೆ ಕಮ್ಮಿ?

ಆಮದು ವೈನಿಗೆ ನಮ್ಮಲ್ಲಿ ಬಹಳ ವರ್ಷಗಳಿಂದ ಶೇ 150ರಷ್ಟು ಕಸ್ಟಮ್ಸ್ ಸುಂಕ. ಆಮೇಲೆ ರಾಜ್ಯದ ತೆರಿಗೆ, ಅಂಗಡಿಯವರ ಲಾಭ. ಹಾಗಾಗಿ ಬೆಂಗಳೂರಿನಲ್ಲಿ ಕೊಡೋ ದುಡ್ಡಿನಲ್ಲಿ ತೋಟದವನಿಗೆ ಹೋಗೋದು ಸ್ವಲ್ಪವೇ. ಕಾಖೇತಿಯಲ್ಲಿ ಬಹಳ ಮನೆಗಳಿಗೆ ಸ್ವಂತ ದ್ರಾಕ್ಷಿ ತೋಟ, ಸ್ವಂತ ಮರಾನಿ, ಅಂದರೆ ವೈನ್ ಕೋಣೆ ಇದೆ. ಟಿಬಿಲಿಸಿಯ ಸೂಪರ್‌ಮಾರ್ಕೆಟ್‌ನಲ್ಲೂ 20ರಿಂದ 30 ಲಾರಿಗೆ ಚೆನ್ನಾಗಿರೋ ಬಾಟಲಿ ಸಿಗುತ್ತದೆ. ಒಂದು ಲಾರಿಗೆ ಮೂವತ್ತು ಚಿಲ್ಲರೆ ರೂಪಾಯಿ, ಲೆಕ್ಕ ಹಾಕಿಕೊಳ್ಳಿ. ಕ್ವೆವ್ರಿ ವೈನ್ ಮಾತ್ರ ಇದಕ್ಕಿಂತ ತುಸು ದುಬಾರಿ. ಕೈಕೆಲಸ ಜಾಸ್ತಿ.

ಲೇಬಲ್ ಓದುವ ಬಗೆ

ಮೂರು ಹೆಸರು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗೀತು. ಇವು ಕಂಪನಿಗಳ ಹೆಸರಲ್ಲ, ಕಾಖೇತಿಯ ಜಾಗಗಳ ಹೆಸರು.

ತ್ಸಿನಂದಾಲಿ: ಬಿಳಿ, ಡ್ರೈ. ಬೇಸಿಗೆ ಮಧ್ಯಾಹ್ನಕ್ಕೆ ಸರಿ.

ಮುಕುಜಾನಿ: ಓಕ್ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ ಕೆಂಪು, ಡ್ರೈ.

ಕಿಂಜ್ಮರಾವುಲಿ: ಕೆಂಪು, ಸೆಮಿ ಸ್ವೀಟ್. ಮೊದಲ ಸಲ ಕುಡಿಯುವವರಿಗೆ ಬೇಗ ಹಿಡಿಸುತ್ತದೆ.

ಕೆಂಪು ಎರಡಕ್ಕೂ ಸಪೆರಾವಿ ದ್ರಾಕ್ಷಿಯೇ. ಇದರ ತಿರುಳೂ ಕೆಂಪು, ಗ್ಲಾಸಿನಲ್ಲಿ ನೇರಳೆ ಹಣ್ಣಿನ ರಸದಂಥ ಬಣ್ಣ. ರುಚಿ ನೋಡುವಾಗ ಬಿಳಿ ಮೊದಲು, ಆಮೇಲೆ ಆಂಬರ್, ಕೊನೆಗೆ ಕೆಂಪು. ಹಿಂಡಿದ ಸಿಪ್ಪೆಯಿಂದ ಬಟ್ಟಿ ಇಳಿಸಿದ ‘ಚಾಚಾ’ ಕೊಟ್ಟರೆ ಹುಷಾರು. ಹಿಂದಿ ಚಾಚಾನಷ್ಟು ಸಾಧು ಅಲ್ಲ ಇವನು!

ಊಟಕ್ಕೆ ಸಸ್ಯಾಹಾರಿಗಳೂ ಹೆದರಬೇಕಿಲ್ಲ. ಅಕ್ರೋಟ್ ಅರೆದು ತುಂಬಿದ ಬದನೆಕಾಯಿ ನಮ್ಮ ಎಣ್ಣೆಗಾಯಿಯ ದೂರದ ನೆಂಟ. ಹುರುಳಿಕಾಯಿ ಬೀಜದ ಲೋಬಿಯೊ, ಚೀಸ್ ತುಂಬಿದ ಖಚಪುರಿ ಎಲ್ಲ ಕಡೆ ಸಿಗುತ್ತವೆ.

ಚೌಕಾಸಿಗೆ ಮುಂಚೆ

ತೆಲಾವಿ ಹತ್ತಿರದ ಹಳ್ಳಿಯೊಂದರ ಮನೆಯಲ್ಲಿ ಯಜಮಾನರು ಮೂರು ಜಗ್ ತಂದಿಟ್ಟರು. ಒಂದು ‘ಕಿಸಿ’ ಅನ್ನೋ ದ್ರಾಕ್ಷಿಯದು. ಮಾಗಿದ ಹಣ್ಣಿನ ಘಮ, ಕೊನೆಗೆ ಸಣ್ಣ ಒಗರು. ಅವರ ಭಾಷೆ ನನಗೆ ಬರಲ್ಲ, ಮಗಳು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದಳು. ಒಂದು ಕಾಲಕ್ಕೆ ಈ ಬಳ್ಳಿ ಕೆಲವೇ ಸಾಲು ಉಳಿದಿತ್ತಂತೆ.

ಅದಕ್ಕೆ ಕಾರಣ ಇತಿಹಾಸದಲ್ಲಿದೆ. ಜಾರ್ಜಿಯಾದಲ್ಲಿ 500ಕ್ಕೂ ಹೆಚ್ಚು ನಾಡತಳಿ ದ್ರಾಕ್ಷಿಗಳಿವೆ. ಸೋವಿಯತ್ ಕಾಲದಲ್ಲಿ ಇಳುವರಿಯೇ ಮುಖ್ಯವಾಗಿ, ದೊಡ್ಡ ಕಾರ್ಖಾನೆಗಳು ಬೆರಳೆಣಿಕೆಯ ತಳಿಗಳಿಗೆ ಅಂಟಿಕೊಂಡವು. 1985ರಲ್ಲಿ ಗೋರ್ಬಚೆವ್ ಮದ್ಯವಿರೋಧಿ ಅಭಿಯಾನ ಶುರುಮಾಡಿದಾಗ ತೋಟಗಳನ್ನೇ ಕಿತ್ತರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನನ್ನು ನಿಷೇಧಿಸಿತು. ಮತ್ತೆ ಬಾಗಿಲು ತೆರೆದದ್ದು 2013ರಲ್ಲಿ. ದೊಡ್ಡ ಗಿರಾಕಿಯೇ ಕೈಬಿಟ್ಟಾಗ ಬೇರೆ ದೇಶಗಳ ಮಾರುಕಟ್ಟೆ ಹುಡುಕಬೇಕಾಯಿತು, ಗುಣಮಟ್ಟ ಸುಧಾರಿಸಬೇಕಾಯಿತು. ಮನೆ ಬಳಕೆಗೆಂದು ಹಿತ್ತಲಲ್ಲಿ ಉಳಿಸಿಕೊಂಡ ಬಳ್ಳಿಗಳಿಗೆ ಆಗ ಬೆಲೆ ಬಂತು.

ಆ ಯಜಮಾನರು ಬಾಟಲಿಗೆ 35 ಲಾರಿ ಅಂದರು. ಟಿಬಿಲಿಸಿಯ ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ್ದು ಸಾಲುಗಟ್ಟಿ ಇತ್ತು ನಿಜ. ಆದರೆ ಆ ಗುಡಾಣ ತೊಳೆಯೋಕೆ ಅವರೇ ಒಳಗಿಳಿಯಬೇಕು, ಕೊಯ್ಲಿಗೆ ಮನೆಮಂದಿಯೆಲ್ಲ ಬೇಕು. ಮಗಳಿಗೆ ಟಿಬಿಲಿಸಿಯಲ್ಲಿ ಆಫೀಸ್ ಕೆಲಸ ಇದೆ, ವಾರಾಂತ್ಯಕ್ಕೆ ಬಂದು ಹೋಗ್ತಾಳೆ. ಈ ಬೆಲೆ ಗಿಟ್ಟದಿದ್ದರೆ ಅಪ್ಪನ ನಂತರ ಕಿಸಿ ಬಳ್ಳಿಯ ಕಥೆ ಏನಾಗುತ್ತೋ. ಊರು ಬಿಟ್ಟು ಬೆಂಗಳೂರು ಸೇರಿರುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಚೌಕಾಸಿ ಮಾಡದೆ ಎರಡು ತಗೊಂಡೆ. ನನ್ನ ಲೆಕ್ಕದಲ್ಲಿ ದುಡ್ಡಿಗೆ ತಕ್ಕ ವೈನ್ ಅಂದರೆ ಇದೇ.

ಹೊರಡುವ ಮುಂಚೆ

ರಸ್ತೆ ಬದಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾರುವ ಮನೆ ವೈನನ್ನು ರುಚಿ ನೋಡಿಯೇ ಕೊಳ್ಳಿ, ಅಲ್ಲೇ ಮುಗಿಸಿ. ಅದು ಬಹಳ ದಿನ ತಡೆಯಲ್ಲ. ಊರಿಗೆ ತರೋದಾದರೆ ಸೀಲ್ ಆದ ಗಾಜಿನ ಬಾಟಲಿಯೇ ಆಗಬೇಕು. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಸುಂಕವಿಲ್ಲದೆ ತರಬಹುದಾದ್ದು ಒಬ್ಬರಿಗೆ 2 ಲೀಟರ್, ಅಂದರೆ 750 ಎಂಎಲ್‌ನ ಎರಡು ಬಾಟಲಿ. ರುಚಿ ನೋಡುವ ದಿನ ಕಾರು ನೀವು ಓಡಿಸಬೇಡಿ. ಗ್ಲಾಸ್ ಎತ್ತುವಾಗ ‘ಗೌಮಾರ್ಜೋಸ್’ ಅನ್ನಿ, ಮನೆಯವರ ಮುಖ ಅರಳುತ್ತದೆ.