ಹ್ಯಾಂಡಲು ತಲೆಯಾಡಿಸಿದಾಗ

ನಮ್ಮ ಮನೆಯಲ್ಲಿ ಒಂದು ಮೋಟಾರ್ ಸೈಕಲ್ ಇದೆ. ಕೊಂಡವನು ನಾನು, ದಿನವೂ ಓಡಿಸುವವನು ನನ್ನ ಮಗ, ಅದರ ಹಿಂದೆ ಕುಳಿತು ದೇವಸ್ಥಾನಕ್ಕೂ ನಂಟರ ಮನೆಗೂ ಹೋಗಿಬರುವವಳು ನನ್ನ ಹೆಂಡತಿ, ದೃಷ್ಟಿಯಾಗದಂತೆ ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರು ನನ್ನ ತಾಯಿ. ಹೀಗೆ ನಾಲ್ವರ ಆಶ್ರಯದಲ್ಲಿರುವ ಈ ವಾಹನ ಕೋಲಾರದ ಪೇಟೆಬೀದಿಗಳಲ್ಲಿ ಬಹು ಸಾಧು. ಗಂಟೆಗೆ 30-40 ಕಿಲೋಮೀಟರ್ ವೇಗದಲ್ಲಿ ಹೇಳಿದ ಮಾತು ಕೇಳಿಕೊಂಡು ಹೋಗುತ್ತದೆ. ಅದಕ್ಕೆ ಹಟ ಬರುವುದು ಹೆದ್ದಾರಿಯ ಮೇಲೆ ಮಾತ್ರ.

ಆ ಹಟವನ್ನು ನಾನು ಮೊದಲು ಕಂಡದ್ದು ಒಂದು ಮಾವಿನ ಸುಗ್ಗಿಯಲ್ಲಿ. ನನ್ನ ತಂಗಿಯನ್ನು ಕೊಟ್ಟಿರುವುದು ಶ್ರೀನಿವಾಸಪುರಕ್ಕೆ. ಬೇಸಿಗೆ ಬಂತೆಂದರೆ ಆ ಊರಿನಲ್ಲಿ ಬಾದಾಮಿ, ರಸಪುರಿ, ತೋತಾಪುರಿಗಳ ಮಾತಲ್ಲದೆ ಬೇರೆ ಮಾತೇ ಇಲ್ಲ. ತಂಗಿ ಹಣ್ಣಿನ ಎರಡು ಪೆಟ್ಟಿಗೆಗಳನ್ನು ಕಳಿಸಿ, "ಇವು ಅತ್ತಿಗೆಯ ತೌರಿಗೆ, ನೀವು ಮುಟ್ಟಕೂಡದು ಅಣ್ಣ" ಎಂದು ಆಜ್ಞೆ ಮಾಡಿದ್ದಳು. ಹೆಂಡತಿಯ ತೌರು ಮಾಲೂರು. ಎರಡೂ ಸೇರಿ 30 ಕಿಲೋ ಇದ್ದಿರಬೇಕು. ಸೀಟಿನ ಹಿಂದೆ ನಾನೇ ಮುತುವರ್ಜಿಯಿಂದ ಹಾಕಿಸಿದ್ದ ಉದ್ದನೆಯ ಕಬ್ಬಿಣದ ಕ್ಯಾರಿಯರ್ ಇತ್ತು. ಪೆಟ್ಟಿಗೆಗಳನ್ನು ಅದರ ಮೇಲೆ ಒಂದರ ಮೇಲೊಂದು ಬಿಗಿದು, ಹೆಂಡತಿಯನ್ನು ಕೂರಿಸಿಕೊಂಡು, ನರಸಾಪುರದ ಮೇಲೆ ಮಾಲೂರಿಗೆ ಹೋಗುವುದೆಂದು ಹೊರಟೆ.

ಕೋಲಾರ ದಾಟಿ ಹೆದ್ದಾರಿ ಸೇರಿದೆವು. ಮುಂಜಾನೆಯ ತಂಪು, ಅಗಲವಾದ ದಾರಿ. ಮುಳ್ಳು 75ಕ್ಕೆ ಬಂತು. ಕಾನೂನು ಮೀರಿದೆನೆಂದು ಯಾರೂ ತಿಳಿಯಬಾರದು. ಇಂಥ ರಸ್ತೆಯಲ್ಲಿ ದ್ವಿಚಕ್ರಕ್ಕೆ 80ರವರೆಗೆ ಅನುಮತಿಯುಂಟೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ಸಾರಿದೆ. ಒಂದು ಲಾರಿಯನ್ನು ದಾಟುತ್ತಿದ್ದಂತೆ ಗಾಡಿಯ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗತೊಡಗಿತು. ಹ್ಯಾಂಡಲನ್ನು ಬಲವಾಗಿ ಅದುಮಿ ಹಿಡಿದೆ. ತೂಗಾಟ ಹೆಚ್ಚಿತು. ಇನ್ನೂ ಬಿಗಿಹಿಡಿದೆ. ಹ್ಯಾಂಡಲು, 'ನಾನು ಬರಲಾರೆ' ಎನ್ನುವಂತೆ ತಾನೂ ತಲೆಯಾಡಿಸಿತು. ನನ್ನ ತೋಳುಗಳಲ್ಲಿ ಶಕ್ತಿಯೇ ಇಲ್ಲದಂತಾಯಿತು. ಹೆಂಡತಿ ನನ್ನ ಹೆಗಲು ಹಿಡಿದು, "ರೀ, ನಿಧಾನ" ಎಂದಳು. ಅಷ್ಟೇ. ಕೈ ತಾನಾಗಿ ಸಡಿಲಿ ವೇಗ ಇಳಿಯಿತು. 60ಕ್ಕೆ ಬಂದೊಡನೆ ಏನೂ ನಡೆದೇ ಇಲ್ಲವೆಂಬಂತೆ ಗಾಡಿ ನೆಟ್ಟಗಾಯಿತು.

ಪಕ್ಕಕ್ಕೆ ನಿಲ್ಲಿಸಿದೆವು. ಹಿಂದೆ ಬಿಟ್ಟಿದ್ದ ಲಾರಿ ಬುಸುಗುಟ್ಟುತ್ತ ಮುಂದೆ ಹೋಯಿತು. ಅದರ ಚಕ್ರಗಳನ್ನು ನಾವಿಬ್ಬರೂ ನೋಡಿದೆವು. ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಆ ಸಂಜೆ ನಾನು ಮಾಡಿದ ಕೆಲಸ ಬರೆಯಲು ನಾಚಿಕೆಯಾಗುತ್ತದೆ. ಮಗನಿಗೆ ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಮನೆಗೆ ಬಂದವನನ್ನು ಬಾಗಿಲಲ್ಲೇ ತಡೆದು, "ನೀನು ಓಡಿಸುವ ರೀತಿಗೆ ಗಾಡಿ ಹಾಳಾಗಿದೆ. ಈ ದಿವಸ ನಿಮ್ಮ ತಾಯಿಯ ಪ್ರಾಣ ಹೋಗುತ್ತಿತ್ತು" ಎಂದು ಕೂಗಾಡಿದೆ. ಬೀಗದಕೈ ನನ್ನ ಜೇಬು ಸೇರಿತು. ಅವನು ಏನನ್ನೋ ಹೇಳಲು ಬಾಯಿ ತೆರೆದು, ಅಜ್ಜಿಯ ಮುಖ ನೋಡಿ, ಸುಮ್ಮನೆ ಒಳಗೆ ಹೋದ. ಮಾರನೆಯ ದಿನದಿಂದ ಐದು ಗಂಟೆಗೇ ಎದ್ದು ಬಸ್ಸಿಗೆ ಹೋಗತೊಡಗಿದ.

ಇತ್ತ ನನ್ನ ಚಿಕಿತ್ಸಾಪರ್ವ ಮೊದಲಾಯಿತು. ಬೀದಿಗೊಬ್ಬ ವೈದ್ಯ. ಒಬ್ಬರು ಚೈನು ಬಿಗಿಸಿರೆಂದರು, ಬಿಗಿಸಿದೆ. ಮತ್ತೊಬ್ಬರು ಹೆದ್ದಾರಿಯ ಗಾಳಿಯೇ ಹಾಗೆಂದರು. ಒಂದು ಅಂಗಡಿಯವರು ಗಾಡಿಯನ್ನು ಮುಟ್ಟದೆಯೇ ಮುಂದಿನ ಟೈರು ಬದಲಾಯಿಸಬೇಕೆಂದರು, ಅದನ್ನೂ ಮಾಡಿದೆ. ಒಬ್ಬನೇ ಹೋಗಿ ಪರೀಕ್ಷಿಸಿದಾಗ ಹಿಂಭಾಗದ ತೂಗಾಟವೇನೋ ಇರಲಿಲ್ಲ. ಆದರೆ 60ರ ಮೇಲೆ ಹ್ಯಾಂಡಲು ಚಳಿಜ್ವರ ಬಂದವರಂತೆ ನಡುಗುವುದು ತಪ್ಪಲಿಲ್ಲ. ತಾಯಿ ನಿಂಬೆಹಣ್ಣು ಎರಡು ಮಾಡಿದರು.

ಕಡೆಗೆ ಸ್ನೇಹಿತರೊಬ್ಬರು ಮುಳಬಾಗಿಲಿನ ವೃದ್ಧ ಮೆಕ್ಯಾನಿಕರೊಬ್ಬರ ಹೆಸರು ಹೇಳಿದರು. ನಮ್ಮಲ್ಲಿಂದ ಸುಮಾರು 30 ಕಿಲೋಮೀಟರ್. ಎಲ್ಲಿಯೂ 50 ದಾಟದೆ ಹೋಗಿ ಮುಟ್ಟಿದೆ. ಸಾಹೇಬರು ಕೆಲಸ ಕಲಿತದ್ದು ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳ ಮೇಲೆ. ಅವರು ಸ್ಪ್ಯಾನರ್ ಕೈಗೆತ್ತಿಕೊಳ್ಳಲಿಲ್ಲ. ಸ್ಟೂಲು ಹಾಕಿ ಕೂರಿಸಿ ಪ್ರಶ್ನೆ ಕೇಳಿದರು.

"ಹ್ಯಾಂಡಲ್ ಆಡ್ತೈತೋ, ಇಡೀ ಗಾಡಿ ಆಡ್ತೈತೋ ಸಾರ್?"

ಎರಡೂ ಎಂದೆ.

"ಒಬ್ಬರೇ ಇದ್ದಾಗ ಯಾವುದು, ಇಬ್ಬರಿದ್ದಾಗ ಯಾವುದು? ಹಿಂದೆ ಏನು ಕಟ್ಟಿದ್ರಿ? ಗಾಳಿ ಯಾವತ್ತು ನೋಡಿಸಿದ್ರಿ?"

ನಾನು ಉತ್ತರ ಕೊಡುತ್ತ ಹೋದಂತೆ ನನ್ನ ದನಿ ಸಣ್ಣದಾಗುತ್ತ ಹೋಯಿತು. ಎರಡು ಬಗೆಯ ರೋಗವನ್ನು ನಾನು ಒಂದೆಂದು ತಿಳಿದಿದ್ದೆ. ಹ್ಯಾಂಡಲು ಮಾತ್ರ ಸೆಕೆಂಡಿಗೆ ಹಲವು ಸಲ ಬೇಗಬೇಗ ನಡುಗುವುದು ಒಂದು. ಗಾಡಿಗೆ ಗಾಡಿಯೇ ನಿಧಾನವಾಗಿ ಹಾವಿನಂತೆ ಹೊರಳುವುದು ಇನ್ನೊಂದು. ಮೊದಲನೆಯದಕ್ಕೆ ಮುಂಭಾಗವನ್ನು, ಎರಡನೆಯದಕ್ಕೆ ಹಿಂಭಾಗವನ್ನೂ ಹೊರೆಯನ್ನೂ ಮೊದಲು ನೋಡಬೇಕೆಂದು ಸಾಹೇಬರ ಅಭಿಪ್ರಾಯ. 1971ರಲ್ಲಿ ಇಂಗ್ಲೆಂಡಿನ ರಾಬಿನ್ ಶಾರ್ಪ್ ಎಂಬ ಎಂಜಿನಿಯರ್ ಗಣಿತದ ಮೂಲಕ ಇವೆರಡನ್ನೂ ಬಿಡಿಸಿ ತೋರಿಸಿ, ವಾಬಲ್, ವೀವ್ ಎಂಬ ಹೆಸರುಗಳಿಂದ ವಿವರಿಸಿದರೆಂದು ಮುಂದೆ ಮಗ ನನಗೆ ಓದಿ ಹೇಳಿದ. ಸಾಹೇಬರು ಆ ಲೇಖನ ಓದಿರಲಾರರು. ಗಾಡಿಗಳನ್ನು ಓದಿದ್ದರು.

ಪರೀಕ್ಷೆ ಖರ್ಚಿಲ್ಲದ ಕಡೆಯಿಂದ ಆರಂಭವಾಯಿತು. ಮೊದಲು ಗಾಳಿ. ಇಬ್ಬರು ಕುಳಿತರೆ ಹಿಂದಿನ ಟೈರಿಗೆ 32 ಪೌಂಡ್ ಇರಬೇಕೆಂದು ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲೇ ಇತ್ತು. ಮಾಪಕ ತೋರಿಸಿದ್ದು 19. ಅನಂತರ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಆಲಿಸಿದರು. ಸಡಿಲವಾದ ಕಡ್ಡಿ ಮಂಕಾಗಿ ಶಬ್ದ ಮಾಡುತ್ತದಂತೆ. ಚಕ್ರ ತಿರುಗಿಸಿ ರಿಮ್ ಸೊಟ್ಟಗಿಲ್ಲವೆಂದು ನೋಡಿದರು. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಿಸಿ ಸ್ವಿಂಗ್ ಆರ್ಮಿನ ಬುಷ್ ಸವೆದಿಲ್ಲವೆಂದರು. ಚೈನು ಬಿಗಿಸಿದವರು ಎಡಬಲದ ಗುರುತುಗಳನ್ನು ಒಂದೇ ಸಮನಾಗಿ ಇಟ್ಟಿರಲಿಲ್ಲ. ಚಕ್ರ ಕೂದಲಷ್ಟು ಓರೆಯಾಗಿತ್ತು. ಹಾಗೆ, ನಾನು ಹಣ ಕೊಟ್ಟು ಮಾಡಿಸಿದ ಚಿಕಿತ್ಸೆಯಿಂದ ಒಂದು ಹೊಸ ರೋಗ ಸೇರಿತ್ತು.

ಕೊನೆಯದಾಗಿ ಗಾಡಿಯನ್ನು ದೊಡ್ಡ ಸ್ಟಾಂಡಿಗೆ ಹಾಕಿ, ಹುಡುಗನೊಬ್ಬನಿಂದ ಹಿಂಭಾಗವನ್ನು ಅದುಮಿಸಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿದರು. ಫೋರ್ಕಿನ ಎರಡು ಕಾಲುಗಳನ್ನೂ ಕೆಳಗೆ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿದರು. 'ಟಕ್' ಎಂದಿತು. ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಲು ನನಗೇ ಹೇಳಿದರು. ನಟ್ಟನಡುವೆ ಗುಳಿಗೆ ಬಿದ್ದಂತೆ ಅದು ಒಮ್ಮೆ ನಿಂತು ಮುಂದೆ ಸಾಗಿತು.

"ಕೋನ್ ಸೆಟ್ ಹೋಗೈತೆ ಸಾರ್. ಲೂಸಾಗಿ ಬಹಳ ದಿನ ಆಗೈತೆ. ಯಾರೂ ಹೇಳಲಿಲ್ವಾ?"

ಹೇಳಿದ್ದರು. ಆರು ತಿಂಗಳ ಹಿಂದೆ ಅದನ್ನು ಬದಲಾಯಿಸಿದಾಗಲೇ, 500 ಕಿಲೋಮೀಟರ್ ಆದಮೇಲೆ ಬಂದು ಮತ್ತೊಮ್ಮೆ ಬಿಗಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ರಿಪೇರಿಯ ಖಾತೆ ಮನೆಯಲ್ಲಿ ನನ್ನದು. ಬೇರೆಯವರು ಕೈಹಾಕಕೂಡದೆಂದು ಕಟ್ಟಪ್ಪಣೆ. ನಾನು ಹೋಗಲಿಲ್ಲ. "ಅಪ್ಪ, ಬ್ರೇಕ್ ಹಿಡಿದರೆ ಹ್ಯಾಂಡಲಿನ ಹತ್ತಿರ ಟಕ್ ಅನ್ನುತ್ತೆ" ಎಂದು ಮಗ ಮೂರು ಸಲ ಹೇಳಿದ್ದ. "ನೀನು ಮೆಲ್ಲಗೆ ಬ್ರೇಕ್ ಹಿಡಿ" ಎಂದು ಮೂರು ಸಲವೂ ಉಪದೇಶ ಮಾಡಿದ್ದೆ. ಸಡಿಲವಾದ ಗುಂಡುಗಳು ಪ್ರತಿ ಹಳ್ಳದಲ್ಲೂ ಬಟ್ಟಲನ್ನು ಕುಟ್ಟಿ ಕುಟ್ಟಿ ಗುಳಿ ಮಾಡಿದ್ದವು. ಗಾಳಿ ಇಳಿದ ಟೈರು, ಸಡಿಲವಾದ ಕತ್ತು, ಹಿಂದಿನ ಚಕ್ರದಾಚೆಗೆ ಜೋತುಬಿದ್ದ ಮಾವಿನ ಪೆಟ್ಟಿಗೆಗಳು: ಮೂರೂ ನನ್ನ ಕೊಡುಗೆ. ಹಿಂದಿನ ತುದಿಯಲ್ಲಿ ಅಷ್ಟು ಎತ್ತರಕ್ಕೆ ಭಾರ ಹೇರಿದರೆ ಮುಂದಿನ ಚಕ್ರ ಹಗುರವಾಗಿ, ಗಾಡಿಗೆ ಬಾಲವೇ ಒಡೆಯನಾಗುತ್ತದೆ.

ಹೊಸ ಕೋನ್ ಸೆಟ್ ಹಾಕುತ್ತ ಸಾಹೇಬರು ಇನ್ನೊಂದು ಪಾಠ ಹೇಳಿದರು. ಗಾಡಿ ಆಡತೊಡಗಿದರೆ ಹ್ಯಾಂಡಲಿನೊಡನೆ ಗುದ್ದಾಡಬಾರದು. ಬಿಗಿಹಿಡಿದಷ್ಟೂ ನಮ್ಮ ತೋಳೇ ಆಟಕ್ಕೆ ಜೊತೆಗೂಡಬಹುದು. ಮಂಡಿಗಳಿಂದ ಟ್ಯಾಂಕನ್ನು ಅವಚಿ, ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕೈ ಹಗುರವಾಗಿಟ್ಟು, ವೇಗವನ್ನು ಮೆಲ್ಲಗೆ ಇಳಿಸಬೇಕು. ಧಡಕ್ಕನೆ ಬ್ರೇಕ್ ಹಾಕಕೂಡದು. ಆ ದಿನ ನಮ್ಮನ್ನು ಉಳಿಸಿದ್ದು ನನ್ನ ಚಾತುರ್ಯವಲ್ಲ; ಹೆಂಡತಿಯ ಆ ಒಂದು ಮಾತಿಗೆ ಕೈ ಸಡಿಲಿದ್ದು.

ಆಂಜನೇಯಸ್ವಾಮಿಗೆ ಕೈಮುಗಿದು ಹೊರಟೆ. 60, 70, ಮುಳ್ಳು ಏರಿತು, ಹ್ಯಾಂಡಲು ತಲೆಯಾಡಿಸಲಿಲ್ಲ. 80ರಲ್ಲಿ ಒಂದು ಲಾರಿಯನ್ನು ದಾಟಿದೆ. ಗಾಡಿ ಗೆರೆ ಎಳೆದಂತೆ ಸಾಗಿತು. ಸಂತೋಷಪಡಬೇಕಾದ ಗಳಿಗೆ, ನನಗೆ ಮಾತ್ರ ಎರಡು ವಾರದಿಂದ ಕತ್ತಲಲ್ಲಿ ಎದ್ದು ಬಸ್ಸಿಗೆ ಓಡುತ್ತಿದ್ದ ಹುಡುಗನ ಬೆನ್ನು ಕಣ್ಣಮುಂದೆ ಬರುತ್ತಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಬೀಗದಕೈಯನ್ನು ಅವನ ಎಲೆಯ ಪಕ್ಕದಲ್ಲಿಟ್ಟೆ. "ತಪ್ಪು ನನ್ನದು. ನೀನು ಮೊದಲೇ ಹೇಳಿದ್ದೆ" ಎಂದೆ. ಇಷ್ಟು ಹೇಳುವುದಕ್ಕೆ ನರಸಾಪುರದ ದಾರಿಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು.

ಅವನು ಸ್ವಲ್ಪ ಹೊತ್ತು ಅನ್ನ ಕಲಸಿದ. "500 ಕಿಲೋಮೀಟರ್ ಆದಮೇಲೆ ಮತ್ತೆ ತೋರಿಸಬೇಕು ಅಪ್ಪ. ಈ ಸಲ ನಾನೇ ಹೋಗಿಬರುತ್ತೀನಿ."

"ಇಬ್ಬರೂ ಹೋಗೋಣ" ಎಂದೆ.

"ಬರುವಾಗ ಮುಳಬಾಗಿಲು ದೋಸೆ ಕಟ್ಟಿಸಿಕೊಂಡು ಬನ್ನಿ" ಎಂದು ಹೆಂಡತಿ ಅಡಿಗೆಮನೆಯಿಂದ ಹೇಳಿದಳು. "ಆ ಕ್ಯಾರಿಯರಿನ ಮೇಲೆ ಮಾತ್ರ ಬೇಡ."

ಕ್ಯಾರಿಯರನ್ನು ಮಾರನೆಯ ದಿನವೇ ಬಿಚ್ಚಿಸಿದೆ. ಶ್ರೀನಿವಾಸಪುರದ ಹಣ್ಣು ಈಗ ಮಾಲೂರಿಗೆ ಬಸ್ಸಿನಲ್ಲಿ ಹೋಗುತ್ತದೆ.