ಚರ್ಚ್‌ಗೇಟಿನಲ್ಲೊಂದು ಸಾಯಂಕಾಲ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಹೊಟೇಲೆಂಬುದು ಹೊಸ ವಸ್ತುವಲ್ಲ. ನಾನು ಈ ಶಾಲೆಯಲ್ಲಿ ಕಲಿಯುತ್ತಿದ್ದಾಗ ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿಯ ತಂದೆಯರೋ ಸೋದರಮಾವಂದಿರೋ ಯಾವುದಾದರೊಂದು ಉಡುಪಿ ಹೊಟೇಲಿನ ಅಡುಗೆಮನೆಯಲ್ಲಿ ಇಲ್ಲವೆ ಗಲ್ಲಾದ ಬಳಿಯಲ್ಲಿ ಇರುತ್ತಿದ್ದರು. ಆದರೆ ಹೊಟೇಲಿನಲ್ಲಿ ದುಡಿಯುವುದು ಬೇರೆ, ಹೊಟೇಲಿಗೆ ಹೋಗಿ ಕುಳಿತುಕೊಳ್ಳುವುದು ಬೇರೆ. ಈ ಎರಡನೆಯ ವಿದ್ಯೆಯನ್ನು ನಮ್ಮ ತಂದೆಯವರಿಗೆ ಕಲಿಸಿಕೊಡುವೆನೆಂದು ಹೊರಟ ನನ್ನ ಪಾಡೇನಾಯಿತೆಂಬುದನ್ನು ಓದುಗರ ಮುಂದಿಡುತ್ತಿದ್ದೇನೆ.

ತಂದೆಯವರು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು 1974ರಲ್ಲಿ, ತಮ್ಮ ಹನ್ನೆರಡನೆಯ ವಯಸ್ಸಿನಲ್ಲಿ. ಫೋರ್ಟಿನ ಒಂದು ಓಣಿಯ ಹೊಟೇಲಿನಲ್ಲಿ ಮೊದಲು ಗ್ಲಾಸು ತೊಳೆದರು. ಆಮೇಲೆ ಮೇಜು ಒರೆಸಿದರು. ಮೀಸೆ ಮೂಡುವ ಹೊತ್ತಿಗೆ ಮಾಣಿಯಾದರು. ಹಗಲೆಲ್ಲ ದುಡಿದು, ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಏಳನೆಯ ತರಗತಿಯವರೆಗೆ ಓದಿದರು. ಮನೆಯಿಂದ ಹೊಟೇಲಿಗೆ ಹೋಗಬೇಕಾದರೆ ಚರ್ಚ್‌ಗೇಟಿನಲ್ಲಿಳಿದು ನಡೆಯಬೇಕು. ಆ ನಿಲ್ದಾಣದ ಸುತ್ತಲಿನ ಬೀದಿಗಳನ್ನು ಅಷ್ಟು ವರ್ಷ ಕಂಡರೂ ಅಲ್ಲಿಯ ಒಂದು ಕೆಫೆಯ ಬಾಗಿಲನ್ನಾದರೂ ಅವರು ದಾಟಿದವರಲ್ಲ.

2018ರಲ್ಲಿ ನನಗೆ ಉದ್ಯೋಗ ದೊರೆಯಿತು. ಮೊದಲ ತಿಂಗಳ ಸಂಬಳ ಕೈಗೆ ಬಂದೊಡನೆ, "ಒಂದು ದಿನ ರಜೆ ಹಾಕಿ, ಅಪ್ಪಯ್ಯ, ಚರ್ಚ್‌ಗೇಟಿಗೆ ಹೋಗಿ ಬರುವ" ಎಂದೆನು. "ದಿನಾ ಹೋಪಲ್ಲಿಗೆ ರಜೆ ಹಾಕಿ ಹೋಪುದಾ?" ಎಂದು ಅವರು ನಕ್ಕರು. ತಾಯಿ ಮೊಣಕಾಲು ನೋವೆಂದು ಬರಲಿಲ್ಲ. ಗೋರೆಗಾಂವಿನಲ್ಲಿ ರೈಲು ಹತ್ತಿ ನಾವಿಬ್ಬರೇ ಹೊರಟೆವು.

ಚರ್ಚ್‌ಗೇಟ್ ಎಂಬುದು ಹಿಂದೆ ಮುಂಬಯಿ ಕೋಟೆಯ ಒಂದು ಹೆಬ್ಬಾಗಿಲಿಗಿದ್ದ ಹೆಸರು. ಒಳಗಿನ ಸೇಂಟ್ ಥಾಮಸ್ ಇಗರ್ಜಿಗೆ ಅದು ದಾರಿಯಾಗಿತ್ತು. 1860ರ ದಶಕದಲ್ಲಿ ಕೋಟೆಯ ಗೋಡೆಗಳೊಂದಿಗೆ ಬಾಗಿಲೂ ಹೋಯಿತು, ಹೆಸರು ಮಾತ್ರ ಉಳಿಯಿತು. ಮುಂದೆ ಸಮುದ್ರವನ್ನು ತುಂಬಿಸಿ ಪಡೆದ ನೆಲದಲ್ಲಿ, 1930ರ ದಶಕದಿಂದೀಚೆಗೆ, ದುಂಡಗಿನ ಮೂಲೆಗಳೂ ಹಡಗಿನ ಅಟ್ಟದಂತಹ ಬಾಲ್ಕನಿಗಳೂ ಉಳ್ಳ ಆರ್ಟ್ ಡೆಕೋ ಶೈಲಿಯ ಮನೆಗಳೆದ್ದವು. ನಿಲ್ದಾಣದ ಎದುರಿನ ಈರೋಸ್ ಚಿತ್ರಮಂದಿರ 1938ರದು. ನಾವು ಹೋದ ವರ್ಷವೇ ಯುನೆಸ್ಕೊ ಈ ಕಟ್ಟಡಗಳ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಇದನ್ನೆಲ್ಲ ನಾನು ದೊಡ್ಡ ಪಂಡಿತನಂತೆ ವಿವರಿಸುತ್ತಿದ್ದೆನು. ತಂದೆಯವರು ಕತ್ತೆತ್ತಿ ನೋಡಿ, "ಈ ಬಾಲ್ಕನಿ ಗುಡಿಸುವವರಿಗೆ ಮೂಲೆಯ ಕಷ್ಟವಿಲ್ಲ" ಎಂದರು.

ವೀರ ನರಿಮನ್ ರಸ್ತೆಯಲ್ಲಿ 1956ರಿಂದ ನಡೆದುಬಂದ ಗೇಲಾರ್ಡ್ ಇದೆ. ಹಿಂದೊಂದು ಕಾಲದಲ್ಲಿ ಈ ಬೀದಿಯ ಭೋಜನಗೃಹಗಳಲ್ಲಿ ಸಂಜೆಯಾದರೆ ಜಾಜ್ ಸಂಗೀತ ನಡೆಯುತ್ತಿತ್ತಂತೆ. ನಾನು ಆರಿಸಿದ್ದು ಅದನ್ನಲ್ಲ. ಹೊಸದಾಗಿ ತೆರೆದಿದ್ದ ಒಂದು ಗಾಜಿನ ಬಾಗಿಲಿನ ಕೆಫೆಯನ್ನು. ನನ್ನ ಕಚೇರಿಯ ಗೆಳೆಯರು ಅದರ ಮಾತನ್ನೇ ಆಡುತ್ತಿದ್ದರು. ಅದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿರಲಿಲ್ಲ.

ಬಾಗಿಲಲ್ಲಿಯೇ ತಂದೆಯವರು ಚಪ್ಪಲಿ ಬಿಡಲು ಬಗ್ಗಿದರು. ನಾನು ತೋಳು ಹಿಡಿದು ಒಳಗೆ ಕರೆದೊಯ್ದೆನು. ಮೆತ್ತನೆಯ ಕುರ್ಚಿಯ ತುದಿಯಲ್ಲಿ, ಯಾರಾದರೂ ಕರೆದರೆ ಒಡನೆ ಏಳುವವರ ಹಾಗೆ ಅವರು ಕುಳಿತರು. ಬೆಲೆಯ ಪಟ್ಟಿಯನ್ನು ಎರಡೂ ಕಡೆ ಓದಿದರು. ಒಂದು ಕಾಫಿಗೆ ಇನ್ನೂರ ಹತ್ತು ರೂಪಾಯಿ! "ಹಾಲೆಷ್ಟು ಹಾಕುತ್ತಾರೆ?" ಎಂದು ನನ್ನನ್ನು ಮೆಲ್ಲನೆ ಕೇಳಿದರು. ನಾನು ಎರಡು ಕಾಫಿಯನ್ನೂ ಒಂದು ಚಾಕೊಲೇಟು ಕೇಕನ್ನೂ ಹೇಳಿದೆನು. ಕಾಫಿಯ ಮೇಲೆ ಹಾಲಿನ ನೊರೆಯಿಂದ ಎಲೆಯ ಚಿತ್ರ ಬರೆದಿತ್ತು. ಅದನ್ನು ಕಂಡು ಅವರು ನಿಜವಾಗಿಯೂ ಸಂತೋಷಪಟ್ಟರು. ಕೆಡಿಸಬಾರದೆಂದು ಬಟ್ಟಲಿನ ಒಂದೇ ಅಂಚಿನಿಂದ ಕುಡಿದರು.

ಕಾಫಿ ಮುಗಿಯಿತು. ಮುಗಿದದ್ದೇ ತಡ, ಅವರ ಕೈ ತಾನಾಗಿಯೇ ಬಟ್ಟಲೊಳಗೆ ಬಟ್ಟಲಿಟ್ಟು, ತಟ್ಟೆಯ ಮೇಲೆ ತಟ್ಟೆಯಿಟ್ಟು, ಚಮಚಗಳನ್ನು ಒಂದು ಕಡೆಗೆ ಸೇರಿಸಿ, ಮೇಜಿನ ಮೇಲಿನ ನೀರಿನ ಕಲೆಯನ್ನು ಕರವಸ್ತ್ರದಿಂದ ಒರೆಸತೊಡಗಿತು. ಪಕ್ಕದ ಮೇಜಿನ ತರುಣಿಯರು ತಿರುಗಿ ನೋಡಿದರು. "ಅಪ್ಪಯ್ಯ, ಬಿಡಿ! ಜನ ನೋಡುತ್ತಿದ್ದಾರೆ" ಎಂದು ನಾನು ಗದರಿಸಿದೆನು. ಹೌದು, ಗದರಿಸಿದೆನು, ಬೇರೆ ಶಬ್ದ ಹುಡುಕುವುದು ಬೇಡ. ಅವರು ಕೈಯನ್ನು ಮಡಿಲಿಗೆ ತೆಗೆದುಕೊಂಡರು.

ಪಾತ್ರೆಗಳನ್ನೊಯ್ಯಲು ಹದಿನೆಂಟು ಹತ್ತೊಂಬತ್ತರ ಒಬ್ಬ ಹುಡುಗ ಬಂದನು. ನಾನು ಹಣದ ಚೀಟಿಯನ್ನು ನೋಡುತ್ತಿದ್ದೆನು. ಫಳಾರೆಂಬ ಸದ್ದಾಯಿತು. ಬಟ್ಟಲೊಂದು ನೆಲದ ಮೇಲೆ ಚೂರಾಗಿತ್ತು. ಗಲ್ಲಾದ ಬಳಿಯಿಂದ ಮೇಲ್ವಿಚಾರಕನು ಹುಡುಗನ ಕಡೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಧಾವಿಸಿದನು. ಅಷ್ಟರಲ್ಲಿ ತಂದೆಯವರು ಎದ್ದು ನಿಂತು ಹಿಂದಿಯಲ್ಲಿ, "ನನ್ನ ಕೈ ತಗಲಿತು, ಅವನದೇನೂ ತಪ್ಪಿಲ್ಲ" ಎಂದರು. ಮೇಲ್ವಿಚಾರಕನ ಮುಖ ಕ್ಷಣಾರ್ಧದಲ್ಲಿ ಬದಲಾಯಿತು. "ಚಿಂತೆಯಿಲ್ಲ ಸಾಹೇಬರೆ, ಕುಳಿತುಕೊಳ್ಳಿ" ಎಂದು ಕೈಮುಗಿಯುವುದೊಂದು ಬಾಕಿ. ನನಗಾದರೋ ನೆಲ ಬಿರಿದು ಒಳಗೆ ಸೇರಿಕೊಂಡರೆ ಸಾಕೆನಿಸಿತು. ಹಣ ಕೊಟ್ಟು ಹೊರಗೆ ಬಂದು, "ಮುಟ್ಟಬೇಡಿ ಎಂದರೆ ಕೇಳುವುದಿಲ್ಲ" ಎಂದು ರಸ್ತೆಯುದ್ದಕ್ಕೂ ಗೊಣಗಿದೆನು. ಅವರು ಮಾತಾಡದೆ ನಡೆದರು.

ಅದೇ ರಸ್ತೆಯಲ್ಲಿ, ಬ್ರೆಬೋರ್ನ್ ಕ್ರೀಡಾಂಗಣದ ಕಟ್ಟಡದಲ್ಲಿ, 1953ರಲ್ಲಿ ಆರಂಭವಾದ ಕೆ. ರುಸ್ತುಂ ಎಂಬ ಐಸ್‌ಕ್ರೀಮಿನ ಅಂಗಡಿಯಿದೆ. ಅಲ್ಲಿ ಥಳಕಿನ ಅಲಂಕಾರವಿಲ್ಲ. ಐಸ್‌ಕ್ರೀಮಿನ ಚೌಕನೆಯ ತುಂಡನ್ನು ಎರಡು ತೆಳ್ಳನೆಯ ಗರಿಗರಿ ಬಿಸ್ಕತ್ತುಗಳ ನಡುವೆ ಇಟ್ಟು ಕಾಗದದೊಡನೆ ಕೈಗೆ ಕೊಡುತ್ತಾರೆ. ಅದು ಕರಗುವ ಮೊದಲು ಕಾಲುದಾರಿಯಲ್ಲಿ ನಿಂತು ತಿನ್ನಬೇಕು. ತಂದೆಯವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿ, "ಬಟ್ಟಲಿಲ್ಲ, ಚಮಚವಿಲ್ಲ. ತೊಳೆಯುವ ಪಾತ್ರೆಯೇ ಇಲ್ಲ, ಮಗಾ! ಯಾರೋ ತಲೆಯುಳ್ಳವ ಮಾಡಿದ್ದು" ಎಂದು ಹೊಗಳಿದರು. ಇರಾಣಿ ಚಹಾದಂಗಡಿಗಳ ಅಮೃತಶಿಲೆಯ ಮೇಜನ್ನೂ ಅವರು ಹೀಗೆಯೇ ಹೊಗಳುವುದುಂಟು: ಒಂದು ಸಲ ಬಟ್ಟೆಯಾಡಿಸಿದರೆ ಸಾಕು, ಕಲೆ ಹೋಯಿತು. ರುಚಿಯನ್ನು ಕುರಿತು ಅವರು ಹೇಳುವುದೆಲ್ಲ ಆಮೇಲೆ.

ತಿಂದು ಮುಗಿಸಿ ಬೆರಳೊರೆಸಿಕೊಳ್ಳುತ್ತ ಅವರೇ ಮಾತು ತೆಗೆದರು. "ನಾನು ಮುಟ್ಟಲೇ ಇಲ್ಲ, ಮಗಾ. ಅವ ಹೊಸಬ. ಬಟ್ಟಲ ಕಿವಿ ಹಿಡಿದು ಎತ್ತಿದ. ಎರಡು ಒಟ್ಟಿಗೆ ಇದ್ದರೆ ಬುಡಕ್ಕೆ ಕೈ ಕೊಡಬೇಕು."

"ಮತ್ತೆ ಸುಳ್ಳೇಕೆ ಹೇಳಿದಿರಿ?"

"ಗಿರಾಕಿ ಒಡೆದರೆ ಚಿಂತೆಯಿಲ್ಲ. ಮಾಣಿ ಒಡೆದರೆ ಪಗಾರದಲ್ಲಿ ಹೋಗುತ್ತದೆ." ಸ್ವಲ್ಪ ತಡೆದು, "ನಾನು ಬಂದ ವರ್ಷ ದೀಪಾವಳಿಗೆ ಊರಿಗೆ ಹಣ ಹೋಗಲಿಲ್ಲ. ಆರು ಗ್ಲಾಸಿನ ಟ್ರೇ ಬಿದ್ದಿತ್ತು" ಎಂದರು. ಇದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಟ್ಟಲೊಳಗೆ ಬಟ್ಟಲಿಟ್ಟವರು ತಾವೇ ಎಂಬುದೂ ಅವರ ಮನಸ್ಸಿನಲ್ಲಿದ್ದಿರಬೇಕು. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ.

ಮರೀನ್ ಡ್ರೈವ್‌ಗೆ ಬಂದೆವು. ಅಲ್ಲಿ ನ್ಯಾಚುರಲ್ಸ್ ಎಂಬ ಐಸ್‌ಕ್ರೀಮಿನ ಅಂಗಡಿಯಿದೆ. ಅದನ್ನು 1984ರಲ್ಲಿ ಜುಹೂವಿನಲ್ಲಿ ಆರಂಭಿಸಿದ ರಘುನಂದನ ಕಾಮತರು ನಮ್ಮ ಕರಾವಳಿಯವರೇ. ಮೂಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ. ಬರಿಯ ಐಸ್‌ಕ್ರೀಮಿಗೆ ಜನ ಬಾರರೆಂದು ಮೊದಮೊದಲು ಪಾವ್‌ಭಾಜಿಯನ್ನೂ ಮಾರಿದರಂತೆ. ಅವರು 2024ರಲ್ಲಿ ತೀರಿಕೊಂಡ ಸುದ್ದಿಯನ್ನು ಓದಿದ ದಿನ ತಂದೆಯವರು ಪತ್ರಿಕೆಯನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ಆದರೆ ಆ ಸಂಜೆ ಅವರಿಗೆ ಆಶ್ಚರ್ಯವೋ ಆಶ್ಚರ್ಯ: "ಬೊಂಡದ ಐಸ್‌ಕ್ರೀಮಾ? ಬೊಂಡದಲ್ಲಿ ಐಸ್‌ಕ್ರೀಮ್ ಮಾಡುತ್ತಾರಾ?" ಸಮುದ್ರದ ಕಟ್ಟೆಯ ಮೇಲೆ ಕುಳಿತು ತಿಂದೆವು. ಎಳನೀರಿನ ಗಂಜಿಯ ತುಣುಕುಗಳು ನಾಲಗೆಗೆ ಸಿಕ್ಕಿದಾಗಲೆಲ್ಲ ಅವರು ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಗಾಳಿ ಬೀಸುತ್ತಿತ್ತು. ಈ ಬಾರಿ ಅವರು ಕಾಲು ಚಾಚಿ, ಬೆನ್ನು ಸಡಿಲಬಿಟ್ಟು, ಕಟ್ಟೆಯ ತುಂಬ ಕುಳಿತಿದ್ದರು. ಖಾಲಿಯಾದ ಎರಡು ಬಟ್ಟಲುಗಳನ್ನು ಒಂದರೊಳಗೊಂದಿಟ್ಟು ನಾನೇ ಕಸದ ಡಬ್ಬಿಗೆ ಹಾಕಿ ಬಂದೆನು.

ಎದ್ದು ಹೊರಡುವಾಗ, "ಅಮ್ಮನಿಗೊಂದು ಕಟ್ಟಿಸು" ಎಂದರು. ಗೋರೆಗಾಂವಿನವರೆಗೆ ಅದು ಉಳಿಯಲಾರದೆಂದು ನಾನೆಂದೆ. ಉಳಿಯುತ್ತದೆ ಎಂದು ಅವರ ಹಟ. ಕಿಕ್ಕಿರಿದ ರೈಲಿನಲ್ಲಿ ಆ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ, ಬುಡಕ್ಕೆ ಅಂಗೈ ಕೊಟ್ಟು, ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತೇ ಬಂದರು. ಮನೆಯಲ್ಲಿ ಮುಚ್ಚಳ ತೆಗೆದಾಗ ಒಳಗಿದ್ದದ್ದೆಲ್ಲ ನೀರಾಗಿತ್ತು. ತಾಯಿ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು, "ಪಾಯಸ ಚೆನ್ನಾಗಿದೆ, ಏಲಕ್ಕಿಯೊಂದು ಮರೆತಿದ್ದಾರೆ" ಎಂದರು.